ಕಂದು ತಂತಿಯ ಎರಡು ಅರ್ಥ

'ಕ್ಯಾಂಪ್' ಎಂಬ ಪದ ಕನ್ನಡಕ್ಕೆ ಬಂದು ಎಷ್ಟು ಕಾಲವಾಗಿದೆಯೆಂದರೆ, ಅದನ್ನು ಪರಭಾಷೆಯದ್ದು ಎನ್ನಲು ಈಗ ಮನಸ್ಸೇ ಬರುವುದಿಲ್ಲ. ಅಮಲ್ದಾರರು ಹಳ್ಳಿಗಳ ಕಡೆ ಹೊರಟರೆ ಕಚೇರಿಯಲ್ಲಿ ಉಳಿದವರು 'ಸಾಹೇಬ್ರು ಕ್ಯಾಂಪ್ ಹೋಗಿದ್ದಾರೆ' ಎನ್ನುತ್ತಿದ್ದರು. ನಾಟಕ ಕಂಪನಿಯ ಹಿರಿಯ ಕಲಾವಿದರನ್ನು ಮಾತಿಗೆಳೆದರೆ ಅವರು ವರ್ಷಗಳನ್ನು ಇಸವಿಯಿಂದ ಲೆಕ್ಕ ಹಾಕುವುದಿಲ್ಲ, ಕ್ಯಾಂಪಿನಿಂದ ಲೆಕ್ಕ ಹಾಕುತ್ತಾರೆ. ದೊಡ್ಡ ಮಗಳು ಹುಟ್ಟಿದ್ದು ಗದಗ ಕ್ಯಾಂಪಿನಲ್ಲಿ, ಅಮ್ಮ ತೀರಿಕೊಂಡಿದ್ದು ದಾವಣಗೆರೆ ಕ್ಯಾಂಪಿನಲ್ಲಿ, ಹೀಗೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಆಂಧ್ರದಿಂದ ಬಂದ ರೈತರು ನೆಲೆನಿಂತ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಬಿಡಾರ ಖಾಯಂ ಊರಾಯಿತು, ಹೆಸರು ಮಾತ್ರ ಹೊರಡುವ ತಯಾರಿಯಲ್ಲೇ ಉಳಿಯಿತು.

ಹೀಗಿರುವಾಗ 'ಕ್ಯಾಂಪರ್ ವ್ಯಾನ್' ಎಂದರೆ ನಮ್ಮಲ್ಲಿ ತಕ್ಷಣ ವಿದೇಶದ ಚಿತ್ರ ಯಾಕೆ ಕಣ್ಣಮುಂದೆ ಬರುತ್ತದೆ ಎಂಬುದು ನನಗೆ ಕುತೂಹಲದ ಪ್ರಶ್ನೆ. ಯುರೋಪಿನಲ್ಲಿ ಇದರ ವಂಶಾವಳಿಯನ್ನು ಸಾಮಾನ್ಯವಾಗಿ 1885ರಿಂದ ಆರಂಭಿಸುತ್ತಾರೆ. ಆ ವರ್ಷ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ ಹಾಗೂ ಲೇಖಕ 'ವಾಂಡರರ್' ಎಂಬ ಕುದುರೆ ಎಳೆಯುವ ಮನೆಯನ್ನು ಮಾಡಿಸಿಕೊಂಡು, ಕೇವಲ ಸಂತೋಷಕ್ಕಾಗಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ತನ್ನ ವ್ಯಾನನ್ನು 1950ರಲ್ಲಿ ತಯಾರಿಸತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದರೊಳಗೆ ಇಟ್ಟು ತೆಗೆಯಬಹುದಾದ ಮಂಚ-ಬೀರುಗಳ ಪೆಟ್ಟಿಗೆಯನ್ನು ತಂದಿತು. ವಾರದ ದಿನ ಸರಕು, ರಜೆಯಲ್ಲಿ ಸಂಸಾರ. ಮನೆಯಿದ್ದವರು ಮನೆಯನ್ನು ಬಿಟ್ಟು ಹೊರಡಲು ಮಾಡಿಕೊಂಡ ಎರಡನೇ ಮನೆ ಅದು.

ನಮ್ಮಲ್ಲೂ ಚಕ್ರದ ಮೇಲಿನ ಮನೆಗಳಿದ್ದವು. ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದವರು ಮಹಾರಾಣಿಯವರ ಸಲೂನ್ ನೋಡಿರುತ್ತಾರೆ. 1899ರ ಆ ಬೋಗಿಯಲ್ಲಿ ಮಲಗುವ ಕೋಣೆ, ಊಟದ ಮನೆ, ಅಡುಗೆಮನೆ ಎಲ್ಲವೂ ಇವೆ. ಆದರೆ ಅರಮನೆಯ ಕಥೆ ಬಿಡಿ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಊರೂರು ಸುತ್ತುವಾಗ ಅದರ ಜೊತೆ ಅಡುಗೆಯವರು, ದರ್ಜಿಗಳು, ಬಡಗಿಗಳು, ಮಕ್ಕಳು, ಪರದೆ, ಪೆಟ್ಟಿಗೆ ಎಲ್ಲ ಸುತ್ತುತ್ತಿದ್ದವು. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಆನೆ-ಕುದುರೆಗಳನ್ನೇ ರಂಗಕ್ಕೆ ತಂದ ಕಥೆ ಎಲ್ಲರಿಗೂ ಗೊತ್ತು. ಅಷ್ಟು ಜನಕ್ಕೆ ದಿನಾ ಬೆಳಿಗ್ಗೆ ಕಾಫಿ ಕಾಸಿದವರ ಕಥೆ ಯಾರಿಗೂ ಗೊತ್ತಿಲ್ಲ. ಟೂರಿಂಗ್ ಟಾಕೀಸಿನವರು ಪ್ರೊಜೆಕ್ಟರಿನ ಜೊತೆ ಎಣ್ಣೆ ಎಂಜಿನ್ನನ್ನೂ ಡೈನಮೋವನ್ನೂ ಹೊತ್ತು, ಕರೆಂಟು ಬಾರದ ಊರಿಗೆ ತಮ್ಮ ಕರೆಂಟನ್ನು ತಾವೇ ಒಯ್ಯುತ್ತಿದ್ದರು. 1985ರಲ್ಲಿ ಹೆಗ್ಗೋಡಿನ ನೀನಾಸಮ್ 'ತಿರುಗಾಟ' ಆರಂಭಿಸಿದಾಗಲೂ ಅದು ಇದೇ ಪರಂಪರೆಯ ಮುಂದುವರಿಕೆಯಾಗಿತ್ತು. ಯುರೋಪಿನ ಕ್ಯಾಂಪರ್ ರಜೆಯಿಂದ ಹುಟ್ಟಿದರೆ, ನಮ್ಮ ಕ್ಯಾಂಪು ಹುಟ್ಟಿದ್ದು ಕೆಲಸದಿಂದ.

ಈ ಲೇಖನ ಅಂಥ ಒಂದು ಕೆಲಸದ ವಾಹನದ ಬಗ್ಗೆ. ನಾನೂ ನನ್ನ ಗಂಡನೂ ಸೇರಿ ಹದಿನಾಲ್ಕು ತಿಂಗಳು ಬಿಚ್ಚಿ ಕಟ್ಟಿದ 1991ರ ಒಂದು ಮೆಟಾಡೋರ್ ಅದು.

ಮೆಟಾಡೋರಿನ ಹುಟ್ಟೂರು ಕೂಡ ದೂರದ್ದೇ. ಜರ್ಮನಿಯ ಹ್ಯಾಂಬರ್ಗ್ ಸೀಮೆಯಲ್ಲಿ ವಿಡಾಲ್ ಮತ್ತು ಮಗ ಎಂಬ ಸಂಸ್ಥೆ 'ಟೆಂಪೋ' ಎಂಬ ಹೆಸರಿನಲ್ಲಿ ಸಣ್ಣ ಸರಕು ವಾಹನಗಳನ್ನು ಮಾಡುತ್ತಿತ್ತು. ಅದರ ಪರವಾನಗಿಯೊಂದಿಗೆ 1958ರಲ್ಲಿ ಬಜಾಜ್ ಟೆಂಪೋ ಕಂಪನಿ ಹುಟ್ಟಿತು. ಮೊದಲು ಮೂರು ಚಕ್ರದ ಗಾಡಿ, ಆಮೇಲೆ ಮೆಟಾಡೋರ್ ವ್ಯಾನ್. ಜರ್ಮನಿಯಲ್ಲಿ ಟೆಂಪೋ ಎಂಬ ಹೆಸರು ಬೇರೆ ಕಂಪನಿಗಳೊಳಗೆ ಕರಗಿಹೋದ ಮೇಲೂ ನಮ್ಮಲ್ಲಿ ಅದು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಅಂಕಿತನಾಮವಾಗಿದ್ದದ್ದು ರೂಢನಾಮವಾಯಿತು. ಮನೆ ಬದಲಾಯಿಸುವವರು ಯಾವ ಕಂಪನಿಯ ಗಾಡಿ ತಂದರೂ 'ಟೆಂಪೋ ಮಾಡ್ಕೊಂಡ್ ಬಂದ್ವಿ' ಎನ್ನುತ್ತಾರೆ. 2005ರಲ್ಲಿ ಕಂಪನಿಯೇ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು; ಜನ ಬದಲಿಸಲಿಲ್ಲ.

ನಮ್ಮ ಮೆಟಾಡೋರ್ ಮಾವನವರದು. ವಿಜಯನಗರ, ಮಾಗಡಿ ರಸ್ತೆ, ಕೆಂಗೇರಿ ಕಡೆಯ ಗಣೇಶೋತ್ಸವ, ರಾಜ್ಯೋತ್ಸವ, ಮದುವೆಗಳಿಗೆ ಶಾಮಿಯಾನ ಮತ್ತು ಸೀರಿಯಲ್ ಸೆಟ್ ಹಾಕುವುದು ಅವರ ಕಸುಬು. ಕೆಎ-02, ಅಂದರೆ ಪಶ್ಚಿಮ ಬೆಂಗಳೂರಿನ ನೋಂದಣಿ. ನವೆಂಬರ್ ತಿಂಗಳಲ್ಲಿ ಅವರು ಮನೆಗೆ ಬರುತ್ತಿದ್ದುದು ಬಟ್ಟೆ ಬದಲಿಸಲು ಮಾತ್ರವಂತೆ. ಮಿಕ್ಕಂತೆ ವ್ಯಾನಿನಲ್ಲೇ ಮಲಗಿ, ವ್ಯಾನಿನಲ್ಲೇ ಸ್ಟೌ ಹಚ್ಚಿ, ಬೆಳಿಗ್ಗೆ ದೀಪ ಬಿಚ್ಚಿ ಮುಂದಿನ ಬೀದಿಗೆ ಹೋಗುತ್ತಿದ್ದರು. ಕ್ಯಾಂಪರ್ ವ್ಯಾನ್ ಎಂಬ ಮಾತನ್ನೇ ಕೇಳದ ಮನುಷ್ಯ ಇಪ್ಪತ್ತು ವರ್ಷ ಅದರಲ್ಲಿ ಬದುಕಿದ್ದರು.

ಅವರು ತೀರಿಕೊಂಡ ಮೇಲೆ ವ್ಯಾನು ಬಸವೇಶ್ವರನಗರದ ಮನೆಯ ಮುಂದೆ ನಿಂತೇ ಇತ್ತು. ಮೂವತ್ತು-ನಲವತ್ತರ ಸೈಟು, ಕಿರಿದಾದ ರಸ್ತೆ, ಎದುರು ಮನೆಯವರ ಗೊಣಗಾಟ. ಗುಜರಿಯವನು ಕೇಜಿ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. ಭಾವನವರು ಅದನ್ನು ಒಪ್ಪಿಕೊಳ್ಳುವ ಮನಸ್ಸು ಮಾಡಿದ್ದರು. 'ಅಪ್ಪನ ನೆನಪು ಬೇಕಂದ್ರೆ ಫೋಟೋ ಇದೆಯಲ್ಲೋ. ಇದನ್ನ ನಿಲ್ಲಿಸೋಕೆ ಜಾಗ ಎಲ್ಲಿದೆ?' ಎಂದು ತಮ್ಮನನ್ನು ಕೇಳಿದರು. ಅದು ಕಠೋರವಾದ ಮಾತಾಗಿರಲಿಲ್ಲ. ಮನೆ ನಡೆಸುವವರ ಮಾತು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಒಂದು ವರ್ಷ ಗಡುವು. ಅಷ್ಟರಲ್ಲಿ ವ್ಯಾನು ಓಡಿ ಎಫ್‌ಸಿ ಆಗಬೇಕು. ಇಲ್ಲದಿದ್ದರೆ ಬಂದ ಹಣವನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳುವುದು.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುತ್ತಾರೆ. ಮದುವೆಯಾದವರು ಗಾಡಿ ಕಟ್ಟಿದರೆ ಎರಡೂ ಒಟ್ಟಿಗೆ ಆಗುತ್ತದೆ.

ನನ್ನ ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ಯಾನೆಲ್ ವೈರಿಂಗ್ ಮಾಡಿದವರು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳು. ಡ್ಯಾಶ್‌ಬೋರ್ಡ್ ಬಿಚ್ಚಿದ ದಿನ ಅವರು ಒಳಗಿನ ತಂತಿಗಳ ಗಂಟನ್ನು ನೋಡಿ, 'ಇದನ್ನೆಲ್ಲ ಕತ್ತರಿಸಿ ಹೊಸದಾಗಿ ಎಳೆಯೋಣ' ಎಂದರು. ನಾನು ಬೇಡವೆಂದೆ. ಶಾಸನವೊಂದು ಸಿಕ್ಕಿದರೆ ಮೊದಲು ಪಡಿಯಚ್ಚು ತೆಗೆಯುತ್ತಾರೆ, ಆಮೇಲೆ ಓದುತ್ತಾರೆ, ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಹೊರತರಲು ಸಾಧ್ಯವಾದದ್ದು ಹೀಗೆ ಅಚ್ಚು ತೆಗೆದವರಿಂದಲೇ. 'ರೀ, ಒಂದು ತಿಂಗಳು ಕೊಡಿ. ಪ್ರತಿ ತಂತಿಗೂ ನಂಬರ್ ಹಾಕ್ತೀನಿ' ಎಂದೆ. 'ನಮಗಿರೋದೇ ಹನ್ನೆರಡು ತಿಂಗಳು ಕಣೇ' ಎಂದರು. ಆದರೂ ಕೊಟ್ಟರು. ಬಿಳಿ ಟೇಪು, ಪೆನ್ನು, ಇನ್ನೂರು ಪುಟದ ನೋಟ್‌ಬುಕ್. ಅರವತ್ತಮೂರು ತಂತಿಗಳು. ಎಲ್ಲಿಂದ ಹೊರಟು ಎಲ್ಲಿಗೆ, ಯಾವ ಬಣ್ಣ, ಎಷ್ಟು ಕಡೆ ಗಂಟು, ಯಾವ ಬಗೆಯ ಗಂಟು.

ಓದತೊಡಗಿದಾಗ ತಿಳಿದದ್ದು, ಅಲ್ಲಿ ಇದ್ದದ್ದು ಒಂದೇ ಲಿಪಿಯಲ್ಲ ಎಂದು.

ವಾಹನಗಳ ತಂತಿಗೆ ಬಣ್ಣದ ವ್ಯಾಕರಣವಿದೆ. ಬ್ರಿಟಿಷ್ ಪದ್ಧತಿ ಲ್ಯೂಕಾಸ್ ಕಂಪನಿಯ ಮೂಲಕ ನಮ್ಮಲ್ಲಿಗೆ ಬಂತು. 1961ರಲ್ಲಿ ಮದರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಶುರುವಾದ ಮೇಲೆ ಆ ಪದ್ಧತಿ ದೇಶದ ಗ್ಯಾರೇಜುಗಳ ಮಾತೃಭಾಷೆಯಂತಾಯಿತು. ಅದರಲ್ಲಿ ಕಂದು ಬಣ್ಣವೆಂದರೆ ಬ್ಯಾಟರಿಯಿಂದ ನೇರ ಬರುವ ಜೀವಂತ ತಂತಿ. ಕಪ್ಪು ಎಂದರೆ ಅರ್ಥಿಂಗ್. ಜರ್ಮನ್ ಪದ್ಧತಿಯಲ್ಲಿ ಬಣ್ಣದ ಜೊತೆ ಸಂಖ್ಯೆಗಳೂ ಇವೆ. 30 ಎಂದರೆ ಬ್ಯಾಟರಿಯ ಧನ, 15 ಎಂದರೆ ಕೀ ತಿರುಗಿಸಿದ ಮೇಲೆ ಬರುವ ಕರೆಂಟು, 31 ಎಂದರೆ ಅರ್ಥಿಂಗ್. ಆ 31ರ ಬಣ್ಣ ಕಂದು. ಅಂದರೆ ಒಂದೇ ಕಂದು ತಂತಿ ಬರ್ಮಿಂಗ್‌ಹ್ಯಾಮಿನಲ್ಲಿ ಜೀವ, ಹ್ಯಾಂಬರ್ಗ್‌ನಲ್ಲಿ ನೆಲ.

ಜರ್ಮನ್ ವಿನ್ಯಾಸದ, ಭಾರತದಲ್ಲಿ ತಯಾರಾದ, ಮೂವತ್ತು ವರ್ಷ ಬೆಂಗಳೂರಿನ ಹತ್ತಾರು ಕೈಗಳಲ್ಲಿ ರಿಪೇರಿಯಾದ ನಮ್ಮ ವ್ಯಾನಿನಲ್ಲಿ ಎರಡೂ ಕಂದುಗಳಿದ್ದವು. ಸ್ಟೀರಿಂಗ್ ಕೆಳಗೆ ಒಂದು ಕಡೆ ಅವೆರಡೂ ಗೇಣಿನಷ್ಟು ಅಂತರದಲ್ಲಿ ಹಾದುಹೋಗಿದ್ದವು. ಬಣ್ಣ ನೋಡಿ ಅವನ್ನು ಸೇರಿಸಿದರೆ ನಡುವೆ ಫ್ಯೂಸೂ ಇಲ್ಲ, ಪೂರ್ತಿ ಬ್ಯಾಟರಿ ನೆಲಕ್ಕಿಳಿದು ತಂತಿ ಕೆಂಪಗೆ ಕಾದು ಗಾಡಿಗೇ ಬೆಂಕಿ ಹತ್ತುತ್ತಿತ್ತು.

ಕಾಮಾಕ್ಷಿಪಾಳ್ಯದಲ್ಲಿ ಅಂಗಡಿಯಿಟ್ಟಿರುವ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದೆವು. ಆ ಬೀದಿಯಲ್ಲಿ ಎಲ್ಲರಿಗೂ ಅವರು ಚಾಚಾ. ನನ್ನ ನೋಟ್‌ಬುಕ್ಕನ್ನು ಗೌರವದಿಂದಲೇ ತಿರುವಿ ಹಾಕಿ, ಜೇಬಿನಿಂದ ಟೆಸ್ಟ್ ಲ್ಯಾಂಪ್ ತೆಗೆದರು. ಒಂದು ಬಲ್ಬು, ಒಂದು ಕ್ಲಿಪ್ಪು, ಒಂದು ಮುಳ್ಳು. 'ಬಣ್ಣ ನಂಬ್ಬೇಡಿ ಮೇಡಂ. ಬಣ್ಣ ಹೇಳೋದು ಕಟ್ಟಿದವನ ಮಾತು. ಲ್ಯಾಂಪ್ ಹೇಳೋದು ತಂತಿ ಮಾತು' ಎಂದರು. ಆಕರ ವಿಮರ್ಶೆಯ ಬಗ್ಗೆ ನಾನು ತರಗತಿಯಲ್ಲಿ ಒಂದು ಗಂಟೆ ಹೇಳುವ ಪಾಠವನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದ್ದರು. ನೋಟ್‌ಬುಕ್ಕಿನಲ್ಲಿ ಬಣ್ಣದ ಪಕ್ಕ ಇನ್ನೊಂದು ಕಾಲಂ ಗೆರೆ ಹಾಕಿದೆ: 'ಲ್ಯಾಂಪ್ ಹತ್ತಿತೇ?'

ಒಂದೇ ತಂತಿಯಲ್ಲಿ ಎರಡು ಪದ್ಧತಿಗಳು ಬಂದು ಸೇರುವುದು ಈ ಊರಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳು ಹತ್ತಿದವು. ಅಂದು ಶಿವನಸಮುದ್ರದಲ್ಲಿ ಉತ್ಪಾದನೆಯಾಗುತ್ತಿದ್ದದ್ದು 25 ಸೈಕಲ್ ವಿದ್ಯುತ್ತು. ಆಮೇಲೆ ದೇಶಕ್ಕೆಲ್ಲ 50 ಸೈಕಲ್ ಎಂದಾಯಿತು. ಮೊದಲು ಕಟ್ಟಿದವರು ಹೊಸ ಮಾನಕಕ್ಕೆ ಒಗ್ಗಿಕೊಳ್ಳುವ ಕಷ್ಟವನ್ನು ಯಾವಾಗಲೂ ಅನುಭವಿಸಬೇಕು.

ಆ ವಿದ್ಯುತ್ತನ್ನು ನಂಬಿಯೇ ಪಶ್ಚಿಮ ಬೆಂಗಳೂರು ಬೆಳೆಯಿತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇಲ್ಲಿ ಮೋಟಾರು ಮಾಡಲು ತೊಡಗಿತು. ಸ್ವಾತಂತ್ರ್ಯದ ಬೆನ್ನಿಗೇ ರಾಜಾಜಿನಗರ ಬಡಾವಣೆ ಮತ್ತು ಕೈಗಾರಿಕಾ ಪ್ರದೇಶ ಒಟ್ಟೊಟ್ಟಿಗೆ ಬಂದವು. 1972ರಲ್ಲಿ ರಾಜಾಜಿನಗರದಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಶುರುವಾಯಿತು. 1948ರಲ್ಲಿ 120 ಬಸ್ಸುಗಳೊಂದಿಗೆ ಆರಂಭವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಮುಂದೆ ಕೆಎಸ್‌ಆರ್‌ಟಿಸಿಯಾಗಿ, ಕೆಂಗೇರಿಯ ವರ್ಕ್‌ಶಾಪಿನಲ್ಲಿ ತಗಡು, ರಿವೆಟ್ಟು, ವೆಲ್ಡಿಂಗ್ ಬಲ್ಲ ಒಂದು ತಲೆಮಾರನ್ನೇ ತಯಾರುಮಾಡಿತು. ದೊಡ್ಡ ಕಾರ್ಖಾನೆಯಲ್ಲಿ ಕಲಿತವರು ಸಂಜೆಹೊತ್ತು ಸ್ವಂತ ಶೆಡ್ಡಿನಲ್ಲಿ ಲೇತು ಹಾಕಿದರು. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳು ಬೆಳೆದದ್ದು ಹೀಗೆ. ಈ ಇತಿಹಾಸದಲ್ಲಿ ಕಾರ್ಖಾನೆಗಳ ಹೆಸರು ಸಿಗುತ್ತದೆ, ಉದ್ಘಾಟಿಸಿದವರ ಹೆಸರು ಸಿಗುತ್ತದೆ. ಚಾಚಾನಂಥವರು ಎಲ್ಲಿ, ಯಾರ ಕೈಕೆಳಗೆ ಕಲಿತರು ಎಂಬುದು ಎಲ್ಲೂ ದಾಖಲಾಗಿಲ್ಲ. ಅದು ದಾಖಲಾಗಿರುವುದು ಅವರು ಹಾಕಿದ ಗಂಟುಗಳಲ್ಲಿ.

ಗಂಟುಗಳೆಂದೆ. ವ್ಯಾನಿನ ಹಿಂಭಾಗ ತಲುಪಿದಾಗ ಮೂರನೇ ಲಿಪಿಯೊಂದು ಸಿಕ್ಕಿತು. ಅಲ್ಲಿ ಲ್ಯೂಕಾಸೂ ಇಲ್ಲ, ಜರ್ಮನಿಯೂ ಇಲ್ಲ. ಮನೆಯ ವೈರಿಂಗಿನ ಕೆಂಪು-ಕಪ್ಪು ತಂತಿಗಳು. ಪ್ರತಿ ಗಂಟೂ ಎರಡೂ ಕಡೆ ಒತ್ತಾಗಿ ಸುತ್ತಿ, ಬೆಸುಗೆ ಹಾಕಿ, ಬಟ್ಟೆ ಟೇಪಿನಲ್ಲಿ ಕಟ್ಟಿದ್ದು. ಸಣ್ಣ ಮರದ ಹಲಗೆಯ ಮೇಲೆ ಮೂರು ಪಿಯಾನೋ ಸ್ವಿಚ್ಚು. ಗಂಡ ಅದನ್ನು ಬಹಳ ಹೊತ್ತು ಮುಟ್ಟಿ ನೋಡುತ್ತಾ ಕುಳಿತರು. 'ಇದು ಅಪ್ಪನ ಕೈ' ಎಂದರು.

ಸೀರಿಯಲ್ ಸೆಟ್ಟಿನ ಲೆಕ್ಕ ಗೊತ್ತಿದ್ದವರಿಗೆ ಆ ಹಲಗೆಯನ್ನು ಓದುವುದು ಸುಲಭ. ಸೆಟ್ಟಿನ ಒಂದೊಂದು ಬಲ್ಬು ಸುಮಾರು 6 ವೋಲ್ಟಿನದು. ಮನೆಯ ಕರೆಂಟು 230 ವೋಲ್ಟು. ಸುಮಾರು 38 ಬಲ್ಬುಗಳನ್ನು ಒಂದರ ಹಿಂದೊಂದು ಸಾಲಾಗಿ ಪೋಣಿಸಿದರೆ ಒಂದೊಂದಕ್ಕೂ ಅದರ ಪಾಲು ಸಿಗುತ್ತದೆ. ಒಂದು ಕೆಟ್ಟರೆ ಸಾಲೇ ಆರುತ್ತದೆ. ಹಬ್ಬದ ರಾತ್ರಿ ಆ ಒಂದನ್ನು ಹುಡುಕುವುದೇ ಕಸುಬು. ವ್ಯಾನಿನ ಬ್ಯಾಟರಿ 12 ವೋಲ್ಟು, ಆದ್ದರಿಂದ ಎರಡೆರಡು ಬಲ್ಬು ಪೋಣಿಸಿದರೆ ಲೆಕ್ಕ ಸರಿ. ಮಾವ ಮೂರು ಮೂರು ಪೋಣಿಸಿದ್ದರು. ಯಾಕೆಂದರೆ ಎಂಜಿನ್ ಓಡುವಾಗ ವೋಲ್ಟೇಜು 14ಕ್ಕೆ ಏರುತ್ತದೆ. ಎರಡಿದ್ದರೆ ಒಂದೊಂದಕ್ಕೆ 7 ಬಿದ್ದು ಬಲ್ಬು ಬೇಗ ಸುಟ್ಟುಹೋಗುತ್ತದೆ, ಮೂರಿದ್ದರೆ 4.7. ಬೆಳಕು ಕಡಿಮೆ, ಆಯುಸ್ಸು ಜಾಸ್ತಿ. ಇಡೀ ಬೀದಿಯನ್ನು ಝಗಮಗಿಸಿದವರು ತಾವು ಮಲಗುವ ಕಡೆ ಅಷ್ಟು ಮಂದ ಬೆಳಕು ಸಾಕೆಂದುಕೊಂಡಿದ್ದರು.

ಅಲ್ಲಿಂದ ನಮ್ಮಿಬ್ಬರ ನಡುವಿನ ವಾದ ತಿರುವುಮುರುವಾಯಿತು. ಎಲ್ಲ ಕತ್ತರಿಸೋಣ ಎಂದಿದ್ದವರು ಈಗ ಅಪ್ಪನ ಒಂದು ತಂತಿಯನ್ನೂ ಮುಟ್ಟಬಾರದು ಎಂದರು. ಎಲ್ಲ ಉಳಿಸೋಣ ಎಂದಿದ್ದ ನಾನು ಆ ತಂತಿಗಳ ಮೈ ಒಣಗಿ ಬಿರುಕುಬಿಟ್ಟಿದ್ದನ್ನು ತೋರಿಸಿದೆ. ಲೆಕ್ಕವೂ ನನ್ನ ಕಡೆಗಿತ್ತು. 60 ವ್ಯಾಟಿನ ಸಾಧನಕ್ಕೆ ಮನೆಯ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು; 12 ವೋಲ್ಟಿನಲ್ಲಿ ಅದೇ ಕೆಲಸಕ್ಕೆ 5 ಆಂಪಿಯರ್ ಬೇಕು. ಹೋಗಿಬರಲು ಹತ್ತು ಮೀಟರ್ ತಂತಿ ಎಂದುಕೊಂಡರೆ, 1.5 ಚದರ ಮಿಲಿಮೀಟರಿನ ತಾಮ್ರದಲ್ಲಿ ಸುಮಾರು 0.6 ವೋಲ್ಟು ದಾರಿಯಲ್ಲೇ ಸೋರುತ್ತದೆ. ಅರ್ಧ ಚದರ ಮಿಲಿಮೀಟರಿನ ಎಳೆಯಾದರೆ 1.8 ವೋಲ್ಟು, ಅಂದರೆ ನೂರಕ್ಕೆ ಹದಿನೈದು. ಕಡಿಮೆ ವೋಲ್ಟಿನ ಸಂಸಾರಕ್ಕೆ ದಪ್ಪ ತಂತಿ ಬೇಕು. ಮಾವನ ತಂತಿ ಮೂರು ಸಣ್ಣ ಬಲ್ಬಿಗೆ ಸರಿ. ಫ್ಯಾನು, ಫ್ರಿಜ್ಜಿಗೆ ಸಾಲದು.

ಹತ್ತು ದಿನ ಇಬ್ಬರೂ ವ್ಯಾನಿನ ವಿಷಯ ಎತ್ತಲಿಲ್ಲ. ಊಟಕ್ಕೆ ಕುಳಿತಾಗ ಉಪ್ಪಿನಕಾಯಿ ಬೇಕೇ ಎಂಬಷ್ಟೇ ಮಾತು. ಅಪ್ಪನನ್ನು ಕಳೆದುಕೊಂಡವರ ಜೊತೆ ವೋಲ್ಟೇಜಿನ ಲೆಕ್ಕ ಹಿಡಿದು ವಾದಿಸುವುದು ಸುಲಭವಲ್ಲ. ಹಾಗಂತ ಬಿರುಕುಬಿಟ್ಟ ತಂತಿಯ ಪಕ್ಕದಲ್ಲಿ ಮಲಗುವುದೂ ಆಗದು. ಹನ್ನೊಂದನೇ ದಿನ ಅವರೇ ನನ್ನ ನೋಟ್‌ಬುಕ್ ತೆಗೆದು ಕೊನೆಯ ಪುಟದಲ್ಲಿ ಹೊಸ ನಕ್ಷೆ ಬರೆದಿಟ್ಟಿದ್ದರು.

ಆ ನಕ್ಷೆಯಂತೆ ವ್ಯಾನಿನಲ್ಲಿ ಈಗ ಎರಡು ಬ್ಯಾಟರಿಗಳಿವೆ. ಮುಂದಿನದು ಎಂಜಿನ್ನಿಗೆ, ಹಿಂದಿನದು ಮನೆಗೆ. ಎಂಜಿನ್ ಓಡುವಾಗ ಮಾತ್ರ ರಿಲೇ ಎರಡನ್ನೂ ಸೇರಿಸುತ್ತದೆ. ನಿಂತಾಗ ಬೇರೆ ಮಾಡುತ್ತದೆ. ರಾತ್ರಿಯಿಡೀ ಫ್ಯಾನು ತಿರುಗಿದರೂ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲು ಇದು ಬೇಕೇ ಬೇಕು. ಹಿಂದಿನದು 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿ, ಸುಮಾರು 1,280 ವ್ಯಾಟ್-ಅವರ್. ಮೇಲೆ 200 ವ್ಯಾಟಿನ ಸೌರಫಲಕ. ಬೆಂಗಳೂರಿನ ಒಳ್ಳೆಯ ಬಿಸಿಲಿನ ದಿನ ಸೋರಿಕೆ ಕಳೆದು 800 ವ್ಯಾಟ್-ಅವರ್ ಸಿಗುತ್ತದೆ. ಪ್ರತಿ ಸಾಲಿಗೂ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಕಂದು ಬಣ್ಣದ ತಂತಿ ಒಂದೂ ಇಲ್ಲ; ಅದು ನಾವಿಬ್ಬರೂ ತಕರಾರಿಲ್ಲದೆ ಒಪ್ಪಿದ ಮೊದಲ ನಿಯಮ. ಮಾವನ ಮರದ ಹಲಗೆ, ಮೂರು ಸ್ವಿಚ್ಚು, ಮೂರು ಬಲ್ಬಿನ ಒಂದು ಸಾಲು ತಮ್ಮ ಜಾಗದಲ್ಲೇ ಇವೆ. ತಂತಿ ಹೊಸದು, ಗಂಟು ಅವರದ್ದೇ ರೀತಿ. ಬೆಸುಗೆ ಹಾಕಿ, ಬಟ್ಟೆ ಟೇಪು ಸುತ್ತಿ, ಮಗ ಹಾಕಿದ್ದು. ಬಿಚ್ಚಿದ ಹಳೆಯ ತಂತಿಗಳನ್ನು ಸುರುಳಿ ಸುತ್ತಿ ನಂಬರಿನ ಸಮೇತ ಒಂದು ಡಬ್ಬಿಯಲ್ಲಿಟ್ಟಿದ್ದೇನೆ.

ಕಾನೂನಿನ ಮಾತೂ ಹೇಳಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು 'ಮೋಟಾರ್ ಕ್ಯಾರವಾನ್' ಎಂಬುದನ್ನು ಬಹಳ ಅಚ್ಚುಕಟ್ಟಾಗಿ ವ್ಯಾಖ್ಯಾನಿಸುತ್ತವೆ: ಕೂರಲು ಸೀಟು ಮತ್ತು ಮೇಜು, ಮಲಗಲು ಜಾಗ, ಅಡುಗೆಗೆ ಸೌಕರ್ಯ, ಸಾಮಾನಿಡಲು ಸ್ಥಳ. ಸಂಸಾರಕ್ಕೆ ಸರ್ಕಾರ ಕೊಟ್ಟ ಅತಿ ಚಿಕ್ಕ ವ್ಯಾಖ್ಯೆ ಇದೇ ಇರಬೇಕು. ಆದರೆ 1988ರ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಹಾಗಾಗಿ ನಾವು ಮೈಯನ್ನು ಕೊಯ್ಯಲಿಲ್ಲ. 1951ರ ವೆಸ್ಟ್‌ಫಾಲಿಯಾದಂತೆ ಮಂಚವೂ ಒಲೆಯ ಪೆಟ್ಟಿಗೆಯೂ ಇಟ್ಟು ತೆಗೆಯುವಂಥವು. ಹದಿನೈದು ವರ್ಷ ದಾಟಿದ ವಾಹನ ಮತ್ತೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು. 2021ರ ಗುಜರಿ ನೀತಿಯ ಮೇಲೆ ಆ ಪರೀಕ್ಷೆಗಳು ಬಿಗಿಯಾಗಿವೆ. ಬೆಂಗಳೂರಿನ ಗಾಳಿಯಲ್ಲಿ ಉಸಿರಾಡುವವಳಾಗಿ ಅದನ್ನು ನಾನು ತಪ್ಪೆನ್ನಲಾರೆ. ಎಲ್ಲ ಹಳೆಯ ಗಾಡಿಯನ್ನೂ ಉಳಿಸಬೇಕೆಂಬುದು ನನ್ನ ವಾದವಲ್ಲ. ಗುಜರಿಗೆ ಹೋಗುವ ಮುನ್ನ ಒಮ್ಮೆ ಒಳಗಿನದನ್ನು ಓದಿ ಬರೆದಿಟ್ಟುಕೊಳ್ಳಬೇಕು ಎಂಬುದಷ್ಟೇ ನನ್ನ ಆಸೆ.

ಗಡುವು ಎರಡು ತಿಂಗಳು ಮೀರಿತ್ತು. ಎಫ್‌ಸಿ ಆದ ಸಂಜೆ ಭಾವ ಬಂದು, ಹಿಂದಿನ ಬಾಗಿಲು ತೆಗೆದು, ಹಲಗೆಯ ಮೊದಲ ಸ್ವಿಚ್ಚು ಹಾಕಿದರು. ಮೂರು ಬಲ್ಬು ಮಂದವಾಗಿ ಹತ್ತಿಕೊಂಡವು. 'ಮಧ್ಯದ್ದು ನಾನು ಏಳನೇ ಕ್ಲಾಸಲ್ಲಿದ್ದಾಗ ಹಾಕಿದ್ದು. ಅಪ್ಪ ಬೆಸುಗೆ ಹಿಡಿಯೋದು ಕಲಿಸಿದ್ದು ಇಲ್ಲೇ' ಎಂದರು. ಬೆಸುಗೆಗಳಲ್ಲಿ ಒಂದು ಮಾತ್ರ ಸ್ವಲ್ಪ ಒರಟಾಗಿದೆಯೆಂದು ನಾನು ಗುರುತು ಹಾಕಿಕೊಂಡಿದ್ದೆ, ಕಾರಣ ಗೊತ್ತಾಗಿರಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ ತಂದು ನಲವತ್ತೊಂಬತ್ತನೇ ತಂತಿಯ ಎದುರು ಅವರ ಹೆಸರು ಬರೆದೆ.